ದಿನಾ ಲೆಕ್ಕ ಕೊಡೋ ಸರ್ಕಾರ: ಅಮೆರಿಕದ ಥರ ಅಧ್ಯಕ್ಷರು ಬೇಡ ಅಂತ ನಮ್ಮೋರು ಯಾಕಂದ್ರು?

2019ರ ಜುಲೈನಲ್ಲಿ ನಮ್ಮ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್‌ನಲ್ಲಿ ಕೂತಿದ್ರಲ್ಲ, ಆಗ ಬಸ್ಸಲ್ಲಿ, ಹೋಟ್ಲಲ್ಲಿ, ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಕಡೆ ಒಂದೇ ಮಾತು, ಅಮೆರಿಕದಲ್ಲಿ ಮಾಡೋ ಹಾಗೆ ಒಬ್ರನ್ನ ಆರಿಸಿ ನಾಲ್ಕೈದು ವರ್ಷ ಕೂರಿಸಿಬಿಟ್ರೆ ಈ ಗೋಳೇ ಇರಲ್ಲ ಅಂತ. ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತದಲ್ಲಿ 99-105ರಿಂದ ಸೋತು ಬಿತ್ತು. ಆ ಬೇಸರ ನಂಗೂ ಅರ್ಥ ಆಗುತ್ತೆ, ಆದ್ರೆ ಸಭೆಯಲ್ಲಿ ಬಹುಮತ ಇರೋವರೆಗೆ ಮಾತ್ರ ಸರ್ಕಾರ ಇರೋ ಈ ಪಾರ್ಲಿಮೆಂಟರಿ ಪದ್ಧತಿ ಬ್ರಿಟಿಷರು ಬಿಟ್ಟು ಹೋಗಿದ್ದು, ನಾವು ಸುಮ್ನೆ ಇಟ್ಕೊಂಡ್ವಿ ಅನ್ನೋ ಮಾತನ್ನ ಮಾತ್ರ ನಾನು ಒಪ್ಪಲ್ಲ.

ಯಾಕಂದ್ರೆ ಮೈಸೂರಿನೋರು ಇದಕ್ಕಾಗಿ ಜೈಲಿಗೆ ಹೋಗಿದ್ದಾರೆ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಬಂತು, ದಸರಾ ಹೊತ್ತಿಗೆ ಊರೂರಿಂದ ಪ್ರತಿನಿಧಿಗಳು ಬಂದು ಕೆರೆ, ರಸ್ತೆ, ಕಂದಾಯ ಅಂತ ಕಷ್ಟ ಹೇಳ್ಕೋತಿದ್ರು, ದಿವಾನರು ಕೇಳಿಸ್ಕೋತಿದ್ರು. ಒಳ್ಳೊಳ್ಳೆ ದಿವಾನರು ಬಂದು ಹೋದ್ರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸಭೆಗೆ ಇಷ್ಟ ಇಲ್ಲ ಅಂತ ದಿವಾನರು ಕುರ್ಚಿ ಬಿಡಬೇಕಾಗಿರ್ಲಿಲ್ಲ, ಅವರು ಉತ್ತರ ಕೊಡಬೇಕಾಗಿದ್ದು ಮಹಾರಾಜರಿಗೆ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದಾದ್ಮೇಲೂ, 'ಮೈಸೂರು ಚಲೋ' ಅಂತ ಜನ ಬೀದಿಗಿಳಿದು ಕೇಳಿದ್ದು ಏನು? 'ಜವಾಬ್ದಾರಿ ಸರ್ಕಾರ'. ಅಂದ್ರೆ ಆಳೋರು ಜನ ಆರಿಸಿದ ಸಭೆಗೆ ಜವಾಬ್ದಾರರಾಗಿರಬೇಕು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು.

ದೆಹಲಿಯಲ್ಲೂ ಇದೇ ಪ್ರಶ್ನೆ. 1948ರ ನವೆಂಬರ್ 4ಕ್ಕೆ ಸಂವಿಧಾನ ಸಭೆಯಲ್ಲಿ ಕರಡು ಸಂವಿಧಾನ ಮಂಡಿಸ್ತಾ ಅಂಬೇಡ್ಕರ್ ಹೇಳಿದ್ದನ್ನ ಇವತ್ತಿಗೂ ಓದಬೇಕು. ಸರ್ಕಾರ ಗಟ್ಟಿಯಾಗೂ ಇರಬೇಕು, ಜವಾಬ್ದಾರಿಯಾಗೂ ಇರಬೇಕು, ಎರಡನ್ನೂ ಸಮಸಮ ಕೊಡೋ ಪದ್ಧತಿ ಇಲ್ಲಿವರೆಗೆ ಯಾರಿಗೂ ಕಟ್ಟೋಕೆ ಆಗಿಲ್ಲ ಅಂದ್ರು. ಅಮೆರಿಕದಲ್ಲಿ ಅಧ್ಯಕ್ಷರ ಅವಧಿ ಗಟ್ಟಿ, ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಬಹುಮತ ಇಲ್ದಿದ್ರೂ ಅವರು ಇಳೀಬೇಕಾಗಿಲ್ಲ, ಹಾಗಾಗಿ ಅವರ ಕೆಲಸಕ್ಕೆ ಮಾರ್ಕ್ಸ್ ಹಾಕೋದು ಹೆಚ್ಚುಕಮ್ಮಿ ಎಲೆಕ್ಷನ್ ಬಂದಾಗ್ಲೇ. ಪಾರ್ಲಿಮೆಂಟರಿ ಪದ್ಧತಿಯಲ್ಲಿ ಪ್ರಶ್ನೆ, ನಿಲುವಳಿ ಸೂಚನೆ (ಬೇರೆ ಕೆಲಸ ನಿಲ್ಲಿಸಿ ಚರ್ಚೆ ಕೇಳೋದು), ಅವಿಶ್ವಾಸ ಗೊತ್ತುವಳಿ ಅಂತ ದಿನಾ ಪರೀಕ್ಷೆ ನಡೀತಿರುತ್ತೆ. ನಮ್ಮಂಥ ದೇಶಕ್ಕೆ ದಿನದ ಪರೀಕ್ಷೆಯೇ ಬೇಕು, ಅದಕ್ಕೇ ಸ್ಥಿರತೆಗಿಂತ ಜವಾಬ್ದಾರಿಗೆ ಹೆಚ್ಚು ತೂಕ ಕೊಟ್ಟಿದ್ದೀವಿ ಅಂತ ಅವರು ಬಿಡಿಸಿ ಹೇಳಿದ್ರು. ಡಿಸೆಂಬರ್‌ನಲ್ಲಿ ಕೆ.ಟಿ. ಶಾ ಅನ್ನೋ ಸದಸ್ಯರು ಅಮೆರಿಕದ ಥರ ಅಧಿಕಾರ ಬೇರೆಬೇರೆ ಮಾಡಿ ಅಂತ ತಿದ್ದುಪಡಿ ತಂದ್ರು, ಚರ್ಚೆ ಆಯ್ತು, ಸಭೆ ಒಪ್ಪಲಿಲ್ಲ. ಅಂದ್ರೆ ಸರ್ಕಾರ ಬೀಳಬಹುದು ಅಂತ ಗೊತ್ತಿದ್ದೇ ಆರಿಸ್ಕೊಂಡ್ರು.

ಆಮೇಲೆ ಈ ಮಾತು ಜೋರಾಗಿ ಎದ್ದಿದ್ದು ತುರ್ತುಪರಿಸ್ಥಿತಿಯಲ್ಲಿ. ವಿರೋಧ ಪಕ್ಷದವರು ಜೈಲಲ್ಲಿದ್ದಾಗ ಅಧ್ಯಕ್ಷೀಯ ಪದ್ಧತಿಯ ಪ್ರಸ್ತಾಪಗಳು ಓಡಾಡಿದ್ವು, ಕೊನೆಗೆ ಆಳ್ತಿದ್ದ ಕಾಂಗ್ರೆಸ್ ಪಕ್ಷದ ಸ್ವರಣ್ ಸಿಂಗ್ ಸಮಿತಿಯೇ 1976ರಲ್ಲಿ ಈಗಿರೋದೇ ಇರಲಿ ಅಂತು. ಪಕ್ಕದ ಶ್ರೀಲಂಕಾದಲ್ಲಿ ಮಾತ್ರ ಜೆ.ಆರ್. ಜಯವರ್ಧನೆ 1978ರಲ್ಲಿ ಅಧ್ಯಕ್ಷೀಯ ಪದ್ಧತಿಗೆ ಬದಲಾಯಿಸೇಬಿಟ್ರು. 2022ರಲ್ಲಿ ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ, ಔಷಧಿ ಇಲ್ಲ, ಪ್ರಧಾನಿ ರಾಜೀನಾಮೆ ಕೊಟ್ರೂ ಅಧಿಕಾರ ಇದ್ದ ಅಧ್ಯಕ್ಷ ಗೋಟಬಯ ರಾಜಪಕ್ಸ ಅಲುಗಾಡಲಿಲ್ಲ, ಜುಲೈನಲ್ಲಿ ಜನ ಅವರ ಮನೆಗೇ ನುಗ್ಗಿದ ಮೇಲೆ ದೇಶ ಬಿಟ್ಟು ಹೋದ್ರು. ಅಮೆರಿಕದಲ್ಲೂ ಅಧ್ಯಕ್ಷರಿಗೂ ಕಾಂಗ್ರೆಸ್‌ಗೂ ಹೊಂದ್ಕೊಳ್ದೆ 2018-19ರಲ್ಲಿ 35 ದಿನ ಸರ್ಕಾರದ ಎಷ್ಟೋ ಆಫೀಸು ಬಾಗಿಲು ಹಾಕಿದ್ವು. ನಮ್ಮಲ್ಲಾದ್ರೆ ಬಜೆಟ್ ಪಾಸ್ ಆಗ್ಲಿಲ್ಲ ಅಂದ್ರೆ ಸರ್ಕಾರವೇ ಹೋಗುತ್ತೆ.

ಹಾಗಾದ್ರೆ ನಮ್ಮದರಲ್ಲಿ ಕೆಟ್ಟಿದ್ದೆಲ್ಲಿ? ನನ್ನ ಪ್ರಕಾರ 1985ರಲ್ಲಿ. ಶಾಸಕರು ಪಕ್ಷದಿಂದ ಪಕ್ಷಕ್ಕೆ ಹಾರೋ ಆಯಾರಾಮ್ ಗಯಾರಾಮ್ ಕಾಟ ತಪ್ಪಿಸೋಕೆ ಅಂತ 52ನೇ ತಿದ್ದುಪಡಿಯಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ತಂದ್ರು, ಉದ್ದೇಶ ಒಳ್ಳೇದೇ, ಆದ್ರೆ ಅವಿಶ್ವಾಸಕ್ಕಷ್ಟೇ ಅಲ್ಲ, ಪಕ್ಷ ವಿಪ್ (ಹೀಗೇ ಮತ ಹಾಕಿ ಅನ್ನೋ ಆದೇಶ) ಕೊಟ್ಟ ಯಾವ ಮತಕ್ಕೆ ಎದುರು ಹೋದ್ರೂ ಸೀಟು ಹೋಗಬಹುದು ಅನ್ನೋ ಹಾಗಾಯ್ತು. ಈಗ ಆಳೋ ಪಕ್ಷದ ಶಾಸಕ ತನ್ನ ಊರಿಗೆ ಕೆಟ್ಟದಾಗೋ ಮಸೂದೆಗೂ ಕೈ ಎತ್ತಲೇಬೇಕು. ಅಂಬೇಡ್ಕರ್ ಹೇಳಿದ ದಿನದ ಪರೀಕ್ಷೆ ಮಾಡಬೇಕಾದೋರ ಕೈ ಕಟ್ಟಿ ಹಾಕಿದ್ವಿ. ಸ್ಥಿರತೆ ಆದ್ರೂ ಬಂತಾ ಅಂದ್ರೆ ಅದೂ ಇಲ್ಲ. 2019ರಲ್ಲಿ ನಮ್ಮ 17 ಶಾಸಕರನ್ನ ಅನರ್ಹ ಮಾಡಿದ್ರು, ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂತು, ಆದ್ರೆ ಮತ್ತೆ ನಿಲ್ಲಬಹುದು ಅಂತು, ಡಿಸೆಂಬರಿನ 15 ಉಪಚುನಾವಣೆಯಲ್ಲಿ ಬಿಜೆಪಿ 12 ಗೆದ್ದು ಗಟ್ಟಿಯಾಯ್ತು.

ಇಲ್ಲಿ ಇನ್ನೊಂದು ಹೇಳಬೇಕು, ಕನ್ನಡಿಗರಿಗೆ ಹೆಮ್ಮೆ ಪಡೋ ವಿಷಯ. 1989ರ ಏಪ್ರಿಲ್‌ನಲ್ಲಿ ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರು ಸದನದಲ್ಲೇ ಬಹುಮತ ತೋರಿಸ್ತೀನಿ ಅಂದ್ರೂ ಬಿಡದೆ ಕೇಂದ್ರದೋರು ಅವರ ಸರ್ಕಾರ ವಜಾ ಮಾಡಿದ್ರು. 1994ರಲ್ಲಿ ಸುಪ್ರೀಂ ಕೋರ್ಟಿನ 9 ಜಡ್ಜುಗಳ ಪೀಠದಿಂದ ತೀರ್ಪು ಬಂತು, ಬಹುಮತ ಇದೆಯೋ ಇಲ್ವೋ ಅನ್ನೋದು ತೀರ್ಮಾನ ಆಗಬೇಕಾಗಿದ್ದು ರಾಜಭವನದಲ್ಲಿ ಅಲ್ಲ, ಸದನದಲ್ಲಿ. ಮೈಸೂರು ಚಲೋದಲ್ಲಿ ಕೇಳಿದ್ದೂ ಇದೇ ಅಲ್ವಾ, ಸರ್ಕಾರ ಇರಬೇಕೋ ಹೋಗಬೇಕೋ ಅಂತ ಹೇಳೋ ಹಕ್ಕು ಸಭೆಗಿರಲಿ ಅಂತ.

ಆದ್ರೆ ಆ ಸಭೆ ಕೂತರೆ ತಾನೇ. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾ ಅಂತ ಸಂಸತ್ತಿನ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ರು, ಮಂತ್ರಿಗಳನ್ನ ಎದುರಿಗೆ ನಿಲ್ಲಿಸಿ ಉತ್ತರ ಕೇಳೋಕಿದ್ದ ಆ ಒಂದು ಗಂಟೆ. ವಿರೋಧ ಪಕ್ಷದವರು ಕೂಗಾಡಿದ್ರು, ಸರ್ಕಾರದೋರು ಲಿಖಿತ ಉತ್ತರ ಸಿಗುತ್ತಲ್ಲ ಅಂದ್ರು. ಅಮೆರಿಕದ ಥರ ಅಧ್ಯಕ್ಷರು ಬೇಕಾ ಅಂತ ಚರ್ಚೆ ಮಾಡೋಕೆ ಮುಂಚೆ ನಾನು ವಾಪಸ್ ಕೇಳೋದು, ಒಂದು ದಿನಾನೂ ತಪ್ಪದ ಆ ಒಂದು ಗಂಟೆ ಮತ್ತೆ ವಿಪ್ ಭಯ ಇಲ್ದೆ ಮಸೂದೆಗೆ ಬೇಡ ಅನ್ನಬಲ್ಲ ಶಾಸಕ.