ಲೆಕ್ಕ ಕೂಡುವ ಬುಗುರಿ

ಹಾರುವ ರಾಕೆಟ್ಟನ್ನು ಕೆಳಗಿನಿಂದ ಯಾರೋ ರಿಮೋಟ್ ಹಿಡಿದು ನಡೆಸುತ್ತಾರೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅಪೊಲೊ ಯಾನಿಗಳನ್ನು ಹೊತ್ತ ಸ್ಯಾಟರ್ನ್-5 ಹೊರಗೆ ಕಣ್ಣು ಹಾಯಿಸದೆಯೇ ಭೂಕಕ್ಷೆ ಸೇರುತ್ತಿತ್ತು. ಮೈ ಎತ್ತ ವಾಲಿದೆ, ಎಷ್ಟು ವೇಗ ಬಂದಿದೆ ಎಂಬುದನ್ನು ಅದು ಒಳಗಿನಿಂದಲೇ ಅಳೆದುಕೊಳ್ಳುತ್ತಿತ್ತು.

ದಿಕ್ಕಿನ ವಿಷಯ ಸುಲಭ, ರಭಸದಿಂದ ತಿರುಗುವ ಗೈರೊಸ್ಕೋಪ್ ತನ್ನ ಅಕ್ಷ ಬಿಡುವುದಿಲ್ಲ. ನನಗೆ ಬೆರಗು ವೇಗದ ಲೆಕ್ಕದ್ದು.

1940ರ ಆಸುಪಾಸು, ಜರ್ಮನಿಯ ರಾಕೆಟ್ ಕೇಂದ್ರ ಪೀನೆಮುಂಡೆ. ವಿ-2 ಕ್ಷಿಪಣಿಯ ಎಂಜಿನ್ ಸರಿಯಾದ ವೇಗಕ್ಕೆ ಆರಬೇಕು, ತುಸು ತಡವಾದರೂ ಗುರಿ ತಪ್ಪುತ್ತದೆ. ವೇಗೋತ್ಕರ್ಷವನ್ನು, ಅಂದರೆ ವೇಗ ಏರುವ ದರವನ್ನು, ಕ್ಷಣಕ್ಷಣಕ್ಕೂ ಕೂಡುತ್ತ ಹೋದರೆ ವೇಗ ಸಿಗುತ್ತದೆ. ಆದರೆ ಕೂಡುವವರು ಯಾರು? ಎಂಜಿನಿಯರ್ ಫ್ರಿಟ್ಜ್ ಮ್ಯೂಲರ್ ಆ ಕೆಲಸವನ್ನೂ ಗೈರೊಸ್ಕೋಪಿಗೇ ಒಪ್ಪಿಸಿದರು.

ತಿರುಗುವ ಬುಗುರಿ ವಾಲಿದರೆ ಥಟ್ಟನೆ ಬೀಳುವುದಿಲ್ಲ, ಅದರ ತಲೆ ನಿಧಾನಕ್ಕೆ ಸುತ್ತು ಹಾಕುತ್ತದೆ. ಎಳೆತ ಹೆಚ್ಚಿದಷ್ಟೂ ಆ ಸುತ್ತು ಚುರುಕು. ಮ್ಯೂಲರ್ ಗೈರೊಸ್ಕೋಪಿನ ಒಂದು ಬದಿಯನ್ನು ಬೇಕೆಂದೇ ಭಾರವಾಗಿಸಿದರು. ರಾಕೆಟ್ ಮುನ್ನುಗ್ಗಿದಾಗ ಆ ಭಾರ ಹಿಂದುಳಿಯಲು ನೋಡುತ್ತದೆ, ಅದರ ಎಳೆತಕ್ಕೆ ಗೈರೊಸ್ಕೋಪ್ ಸುತ್ತತೊಡಗುತ್ತದೆ. ಸುತ್ತಿನ ಚುರುಕು ವೇಗೋತ್ಕರ್ಷಕ್ಕೆ ತಕ್ಕಷ್ಟು. ಹಾಗಾದರೆ ಒಟ್ಟು ಸುತ್ತಿದ ಕೋನ? ಅದೇ ವೇಗದ ಅಳತೆ! ಪಿಯುಸಿಯಲ್ಲಿ ನಾವು ಕಾಗದದ ಮೇಲೆ ಹೆಣಗಾಡಿದ ಅನುಕಲನವನ್ನು ಇಲ್ಲಿ ಲೋಹವೇ ಮಾಡಿ ಮುಗಿಸುತ್ತದೆ. ನಿಗದಿಯಾದ ಕೋನ ಮುಟ್ಟಿದೊಡನೆ ವಿದ್ಯುತ್ ಸಂಪರ್ಕ ಏರ್ಪಟ್ಟು ಎಂಜಿನ್ ಆರುತ್ತಿತ್ತು.

ಒಂದು ತೊಡಕುಂಟು. ಕಟ್ಟೆಯ ಮೇಲೆ ಸುಮ್ಮನೆ ನಿಂತ ರಾಕೆಟ್ಟೂ ಪ್ರತಿ ಸೆಕೆಂಡಿಗೆ 9.8 ಮೀಟರಿನಷ್ಟು ವೇಗ ಹೆಚ್ಚಿಸಿಕೊಳ್ಳುತ್ತ ಮೇಲೇರುತ್ತಿದೆ ಎಂದೇ ಈ ಉಪಕರಣ ಹೇಳುತ್ತದೆ. ಕಟ್ಟೆಯ ಒತ್ತು ಯಾವುದು, ಎಂಜಿನ್ನಿನ ನೂಕು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಗುರುತ್ವದ ಪಾಲನ್ನು ನಾವೇ ಲೆಕ್ಕದಲ್ಲಿ ಸರಿದೂಗಿಸಬೇಕು.

ಈ ಜಾಣ್ಮೆಯನ್ನು ಮೆಚ್ಚುವಾಗ ಮರೆಯಬಾರದ ಮಾತೂ ಇದೆ: ವಿ-2ಗಳನ್ನು ಜೋಡಿಸಲು ನಾಜಿಗಳ ಮಿಟೆಲ್‌ಬೌ-ಡೋರಾ ಯಾತನಾ ಶಿಬಿರದ ಕೈದಿಗಳನ್ನು ದುಡಿಸಲಾಯಿತು. ಅಲ್ಲಿ ಸತ್ತವರು ಸಾವಿರಾರು.

ಯುದ್ಧ ಮುಗಿದ ಮೇಲೆ ವಿ-2ರ ಮುಖ್ಯ ರೂವಾರಿ ಫಾನ್ ಬ್ರೌನ್ ತಂಡದೊಂದಿಗೆ ಮ್ಯೂಲರ್ ಅವರ ಉಪಾಯವೂ ಅಮೆರಿಕ ಸೇರಿತು. ಸ್ಯಾಟರ್ನ್-5ರಲ್ಲಿ ರಾಕೆಟ್ ಎತ್ತ ವಾಲಿದರೂ ತಾನು ದಿಕ್ಕು ಬದಲಿಸದ ಎಸ್‌ಟಿ-124 ಎಂಬ ಗೈರೊ ವೇದಿಕೆಯಿತ್ತು; ಅದರಲ್ಲಿ ಇಂಥ ವೇಗಮಾಪಕಗಳು ಮೂರು, ಮೂರು ದಿಕ್ಕಿಗೆ. ಉಜ್ಜಾಟ ತಪ್ಪಿಸಲು ಅವುಗಳ ಬೇರಿಂಗಿನಲ್ಲಿ ನೈಟ್ರೊಜನ್ನಿನ ತೆಳು ಪದರ. 1969ರ ನವೆಂಬರ್ 14ರಂದು ಅಪೊಲೊ-12 ಮೇಲೇರುತ್ತಿದ್ದಾಗ ಮೊದಲ ನಿಮಿಷದೊಳಗೇ ಎರಡು ಸಲ ಸಿಡಿಲು ಬಡಿಯಿತು. ಯಾನಿಗಳಿದ್ದ ನೌಕೆಯ ಸ್ವಂತ ಗೈರೊ ವೇದಿಕೆ ದಿಕ್ಕು ಕಳೆದುಕೊಂಡಿತು. ಕೆಳಗೆ, ಮೂರನೆಯ ಹಂತದ ನೆತ್ತಿಯ ಉಂಗುರದಲ್ಲಿದ್ದ ಸ್ಯಾಟರ್ನ್‌ನ ವೇದಿಕೆ ಮಾತ್ರ ಲೆಕ್ಕ ತಪ್ಪದೆ ಮೂವರನ್ನೂ ಕಕ್ಷೆಗೆ ಮುಟ್ಟಿಸಿತು.