ಬಾವಿಯಿಂದ ಬೋರಿಗೆ, ಬೋರಿಂದ ಕ್ಯಾನಿಗೆ: ಜಗಳೂರು-ಚಳ್ಳಕೆರೆ ಮಕ್ಕಳ ಹಲ್ಲಿನ ಹಿಂದಿರೋ ಕಥೆ

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸರ್ಕಾರಿ ಶಾಲೆಗಳಲ್ಲಿ ಐದನೇ ಕ್ಲಾಸು ಆರನೇ ಕ್ಲಾಸಿನ ಮಕ್ಕಳು ನಗೋವಾಗ ನೋಡಿದೀರಾ? ಎಷ್ಟೋ ಮಕ್ಕಳ ಮುಂದಿನ ಹಲ್ಲಿನ ಮೇಲೆ ಸುಣ್ಣ ಬಳಿದಂಗೆ ಬಿಳಿ ಮಚ್ಚೆ, ಕೆಲವರಿಗೆ ಅಡ್ಡಡ್ಡ ಹಳದಿ ಗೆರೆ, ಇನ್ನು ಕೆಲವರಿಗೆ ಕಂದು ಬಣ್ಣ ಹಿಡಿದು ಅಂಚು ಉದುರಿರುತ್ತೆ. ಹೊರಗಿನ ಊರಿಂದ ಬಂದೋರು "ಹಲ್ಲು ಉಜ್ಜಲ್ವೇನೋ" ಅಂತ ಗದರಿಸಿಬಿಡ್ತಾರೆ, ಅದು ದೊಡ್ಡ ಅನ್ಯಾಯ, ಯಾಕಂದ್ರೆ ಆ ಕಲೆ ಎಷ್ಟು ಉಜ್ಜಿದ್ರೂ ಹೋಗಲ್ಲ, ಅದು ಮೇಲೆ ಕೂತ ಕೊಳೆ ಅಲ್ಲವೇ ಅಲ್ಲ, ಹಲ್ಲು ಒಸಡಿನ ಒಳಗೆ ತಯಾರಾಗೋ ಹೊತ್ತಲ್ಲೇ, ಅಂದ್ರೆ ಹುಟ್ಟಿದಾಗಿಂದ ಸುಮಾರು ಎಂಟು ವರ್ಷದ ಒಳಗೆ, ಹೊಟ್ಟೆಗೆ ಹೋದ ನೀರಲ್ಲಿ ಕರಗಿದ್ದ ಫ್ಲೋರೈಡ್ ಅನ್ನೋ ಲವಣ ಮಾಡಿಟ್ಟ ಕೆಲಸ ಅದು. ಇದೇ ನೀರನ್ನ ಹತ್ತಾರು ವರ್ಷ ಕುಡಿದ್ರೆ ಮೂಳೆಗೂ ಇಳಿಯುತ್ತೆ, ಬೆನ್ನು ಬಗ್ಗಲ್ಲ, ಕತ್ತು ತಿರುಗಲ್ಲ, ಮಂಡಿ ಹಿಡ್ಕೊಳುತ್ತೆ.

ಇದು ಹೇಗೆ ಶುರುವಾಯ್ತು ಅಂತ ತಿಳಿಬೇಕಂದ್ರೆ ಬಾವಿ ಕಾಲಕ್ಕೆ ಹೋಗಬೇಕು. ಆಗ ಊರೋರು ಕುಡೀತಿದ್ದದ್ದು ಕೆರೆ ನೀರು, ಸೇದೋ ಬಾವಿ ನೀರು, ಮೆಟ್ಟಿಲ ಬಾವಿ ನೀರು. ಮೇಲ್ಮಟ್ಟದ ನೀರು, ಕಲ್ಲಿನ ಜೊತೆ ಜಾಸ್ತಿ ಕಾಲ ಇರದ ನೀರು, ಹಾಗಾಗಿ ಸಾಮಾನ್ಯವಾಗಿ ಫ್ಲೋರೈಡ್ ಕಮ್ಮಿ. ಆದ್ರೆ ಆ ಕಾಲ ಚೆನ್ನಾಗಿತ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಕಾಲರಾ, ವಾಂತಿಭೇದಿಗೆ ಮಕ್ಕಳು ಸಾಯ್ತಿದ್ರು. ನಾರುಹುಣ್ಣು ಅಂತ ಇನ್ನೊಂದು, ಎರಡು ಮೊಳ ಉದ್ದದ ಹುಳ ಕಾಲಿನ ಚರ್ಮ ಒಡೆದು ಹೊರಗೆ ಬರೋದು, ಆ ಕಾಲಲ್ಲೇ ಮೆಟ್ಟಿಲ ಬಾವಿಗೆ ಇಳಿದ್ರೆ ಅದರ ಮರಿಗಳು ನೀರು ಸೇರಿ ಊರಿಗೆಲ್ಲ ಹರಡೋದು. ಕರ್ನಾಟಕವೂ ಅದರ ಪಟ್ಟಿಯಲ್ಲಿತ್ತು, ದೇಶ ಅದರಿಂದ ಪೂರ್ತಿ ಮುಕ್ತ ಅಂತ ಘೋಷಣೆ ಆಗಿದ್ದೇ 2000ದಲ್ಲಿ. ಹಾಗಾಗಿ 70-80ರ ದಶಕದಲ್ಲಿ ಊರೂರಿಗೆ ಕೈಪಂಪಿನ ಬೋರಿಂಗು ಬಂದಾಗ ಜನ ಅದನ್ನ ವರ ಅಂತಲೇ ತಗೊಂಡ್ರು, ಅದು ವರವೇ ಆಗಿತ್ತು ಕೂಡ, ಮುಚ್ಚಿದ ನೀರು, ಕ್ರಿಮಿ ಇಲ್ಲ, ಹುಳ ಇಲ್ಲ. ಶಾಲೆ ಅಂಗಳದಲ್ಲಿ ಒಂದು ಬೋರಿಂಗು ಬಿತ್ತು ಅಂದ್ರೆ ಮಕ್ಕಳ ಆರೋಗ್ಯದ ಚಿಂತೆ ಮುಗೀತು ಅಂದ್ಕೊಂಡ್ರು.

ನೀರು ತಿಳಿಯಾಗಿದೆ ಅಂದ್ಮೇಲೆ ಅದರೊಳಗೆ ಕರಗಿರೋದೇನು ಅಂತ ಯಾರೂ ಕೇಳಲಿಲ್ಲ. ನಮ್ಮ ಕಡೆ ನೆಲದ ಕೆಳಗಿರೋದು ಗ್ರಾನೈಟು, ನೈಸ್ ಅನ್ನೋ ಪಟ್ಟೆಪಟ್ಟೆ ಕಲ್ಲು, ಈ ಥರದ ಗಟ್ಟಿ ಕಲ್ಲು, ಅದರಲ್ಲಿ ಫ್ಲೋರೈಡ್ ಇರೋ ಖನಿಜಗಳಿವೆ, ಮಳೆ ಬೇರೆ ಕಮ್ಮಿ, ಕಲ್ಲಿನ ಬಿರುಕಲ್ಲಿ ವರ್ಷಗಟ್ಟಲೆ ನಿಂತ ನೀರು ಫ್ಲೋರೈಡನ್ನ ನಿಧಾನಕ್ಕೆ ಕರಗಿಸ್ಕೊಳುತ್ತೆ. ಬೋರು ಬತ್ತಿದಂಗೆಲ್ಲ ಇನ್ನೂ ಆಳಕ್ಕೆ ಕೊರೆಸ್ತಾ ಹೋದ್ವಿ, ಇನ್ನೂರು ಅಡಿ ಇದ್ದದ್ದು ಆರುನೂರು, ಎಂಟುನೂರು ಆಯ್ತು, ಅಷ್ಟೂ ಹಳೇ ನೀರನ್ನ ಮೇಲಕ್ಕೆತ್ತಿ ಕುಡಿದ್ವಿ. ಮತ್ತೆ ಇದು ಗೊತ್ತಿಲ್ಲದ ವಿಷ್ಯ ಏನಲ್ಲ. 1937ರಲ್ಲೇ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಜನರ ಬೆನ್ನು ಕತ್ತು ಸೆಟೆದು ಹೋಗ್ತಿರೋದಕ್ಕೆ ಕುಡಿಯೋ ನೀರಿನ ಫ್ಲೋರೈಡ್ ಕಾರಣ ಅಂತ ಶಾರ್ಟ್ ಅನ್ನೋ ಡಾಕ್ಟರು ಮತ್ತು ಅವರ ಜೊತೆಯೋರು ಬರೆದಿಟ್ಟಿದ್ರು. ಬೋರಿಂಗು ಬರೋಕೆ ಎಷ್ಟೋ ವರ್ಷ ಮುಂಚೆನೇ!

ಸರ್ಕಾರ ಸುಮ್ನೆ ಕೂತಿತ್ತು ಅಂತ ಹೇಳಕ್ಕಾಗಲ್ಲ. 1986ರಲ್ಲಿ ಕುಡಿಯೋ ನೀರಿಗೆ ಅಂತ ಕೇಂದ್ರದ ಟೆಕ್ನಾಲಜಿ ಮಿಷನ್ ಬಂತು, ಫ್ಲೋರೈಡೂ ಅದರಲ್ಲಿತ್ತು. ನಾಗಪುರದ ನೀರಿ (NEERI) ಅನ್ನೋ ಪರಿಸರ ಸಂಶೋಧನಾ ಸಂಸ್ಥೆ ನಲ್ಗೊಂಡ ವಿಧಾನ ಅಂತ ಒಂದು ಕಂಡುಹಿಡಿದಿತ್ತು, ಸುಣ್ಣ, ಪಟಿಕ, ಬ್ಲೀಚಿಂಗ್ ಪೌಡರ್ ಅಳತೆ ಮಾಡಿ ಹಾಕಿ, ಕದಡಿ, ತಳದಲ್ಲಿ ಕೂತ ಗಸಿ ಬಿಟ್ಟು ಮೇಲಿನ ನೀರು ಬಳಸೋದು. ಅಗ್ಗದ್ದೇ, ಆದ್ರೆ ದಿನಾ ಯಾರಾದ್ರೂ ಅಳತೆ ತಪ್ಪದೆ ಹಾಕಬೇಕಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ.

ಆಮೇಲೆ ಬಂದಿದ್ದು ಈಗ ಎಲ್ಲರೂ ನೋಡ್ತಿರೋ ಶುದ್ಧ ಕುಡಿಯುವ ನೀರಿನ ಘಟಕ. 2013ರಿಂದ ಈಚೆಗೆ ರಾಜ್ಯದಲ್ಲಿ ಇವು ಸಾವಿರಾರು ಆದ್ವು. ಕಾಯಿನ್ ಹಾಕಿ, ಕ್ಯಾನ್ ಇಟ್ಟು, ತುಂಬಿಸ್ಕೊಂಡು ಬೈಕಿಗೆ ಕಟ್ಕೊಂಡು ಹೋಗೋದು. ಘಟಕದೊಳಗಿನ ಆರ್‌ಓ, ಅಂದ್ರೆ ನೀರನ್ನ ಒತ್ತಿ ಮೆಂಬ್ರೇನ್ ಅನ್ನೋ ತೆಳು ಪೊರೆ ಮೂಲಕ ಸೋಸೋ ಯಂತ್ರ, ಫ್ಲೋರೈಡ್ ತೆಗೆಯುತ್ತೆ, ಅದರಲ್ಲಿ ಡೌಟಿಲ್ಲ, ನನಗೆ ಆ ಘಟಕಗಳ ಮೇಲೆ ಗೌರವ ಇದೆ. ಆದ್ರೆ ಮೆಂಬ್ರೇನ್ ಹೋದ್ರೆ ಬದಲಾಯಿಸೋರು ಬರೋ ತನಕ ಊರು ಮತ್ತೆ ಬೋರಿಗೇ ಹೋಗುತ್ತೆ, ಒಳಗೆ ಹೋದ ನೀರಲ್ಲಿ ಅರ್ಧದಷ್ಟು ಇನ್ನೂ ಗಡುಸಾಗಿ ಆಚೆ ಬಂದು ಚರಂಡಿಗೆ ಹರಿಯುತ್ತೆ.

ಇದಕ್ಕಿಂತ ನನ್ನನ್ನ ಕಾಡೋದು ಅಡುಗೆ. ಎಷ್ಟೋ ಮನೆಯಲ್ಲಿ ಕ್ಯಾನಿನ ನೀರು ಕುಡಿಯೋಕೆ ಮಾತ್ರ, ಅನ್ನ ಸಾರಿಗೆ ಬೋರಿನ ನೀರೇ. ಜಗಳೂರು ಕಡೆ ಒಂದು ಶಾಲೆಯಲ್ಲಿ ಬಿಸಿಯೂಟದ ಅಕ್ಕನ್ನ ಕೇಳಿದೆ, "ಕುಡಿಯಾಕೆ ಕ್ಯಾನ್ ತರಿಸ್ತೀವಿ ಸಾರ್, ಇಷ್ಟು ಮಕ್ಕಳ ಅಡಿಗಿಗೆ ಎಲ್ಲಿಂದ ತರಾದು" ಅಂದ್ರು, ಅವರ ಮಾತಲ್ಲಿ ತಪ್ಪಿಲ್ಲ. ಬೇಳೆ ಬೇಯಬೇಕಾದ್ರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಆವಿಯಾಗಲ್ಲ, ಸಾರಲ್ಲೇ ಉಳಿಯುತ್ತೆ. ಅದಕ್ಕೇ ನೀರು ಕುದಿಸಿ ಆರಿಸಿ ಕೊಡಿ ಅನ್ನೋ ಮಾತು ಕ್ರಿಮಿಗೆ ಸರಿ, ಫ್ಲೋರೈಡಿಗೆ ಉಲ್ಟಾ, ಕುದಿಸಿದಷ್ಟೂ ಉಳಿದ ನೀರಲ್ಲಿ ಅದು ಗಟ್ಟಿಯಾಗುತ್ತೆ. ಮನೆಯ ಕ್ಯಾಂಡಲ್ ಫಿಲ್ಟರೂ ಇದನ್ನ ತಡೆಯಲ್ಲ. ಮಕ್ಕಳ ತಟ್ಟೆಯಲ್ಲಿ ರಾಗಿ, ಹಾಲು, ನುಗ್ಗೆಸೊಪ್ಪು ಇದ್ರೆ ಅದರ ಕ್ಯಾಲ್ಸಿಯಂ ಫ್ಲೋರೈಡನ್ನ ಹೊಟ್ಟೆಯಲ್ಲೇ ಸ್ವಲ್ಪ ಹಿಡಿದಿಡುತ್ತೆ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ನಮ್ಮ ಕಡೆ ಶಾಲೆಗಳಿಗೆ ಬೇರೆ ಕಡೆಗಿಂತ ಜಾಸ್ತಿ ಬೇಕಾಗಿರೋದು ಇದಕ್ಕೇ.

ಈಗ ಹೊಳೆ ನೀರಿನ ಕಾಲ. 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದಿದ್ದು 2022ರಲ್ಲಿ, ತುಂಗಭದ್ರೆ ನೀರಲ್ಲಿ ಜಗಳೂರಿನ 57 ಕೆರೆ ತುಂಬಿಸೋ ಯೋಜನೆ ಬಂತು, 2019ರ ಜಲಜೀವನ್ ಮಿಷನ್ನಿಂದ ಮನೆಮನೆಗೆ ನಲ್ಲಿ. ಫ್ಲೋರೈಡಿಗೆ ಇದೇ ನಿಜವಾದ ಮದ್ದು ಅಂತ ನನ್ನ ನಂಬಿಕೆ. ಆದ್ರೆ ಪೈಪಿನ ನೀರು ಅಂದ್ರೆ ಹಳೇ ಶತ್ರು ವಾಪಸ್ ಬರೋ ದಾರಿನೂ ಹೌದು. 2023ರ ಆಗಸ್ಟಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ಜನಕ್ಕೆ ವಾಂತಿಭೇದಿ ಶುರುವಾಗಿ ಸಾವುಗಳೇ ಆದ್ವು, ಎಷ್ಟೋ ಮನೆಯೋರು ಆಸ್ಪತ್ರೆ ಸೇರಿದ್ರು. ಬೋರಿಂಗು ಓಡಿಸಿದ್ದ ಭಯ ಜಿಲ್ಲಾ ಕೇಂದ್ರದಲ್ಲೇ ಮತ್ತೆ ಬಂತು. ಬೇಸಿಗೆಯಲ್ಲಿ ಹೊಳೆ ನೀರು ಸಾಲದೆ ಅದೇ ಟ್ಯಾಂಕಿಗೆ ಬೋರಿನ ನೀರೂ ಬಿಟ್ರೆ ಎರಡು ಅಪಾಯನೂ ಒಂದೇ ನಲ್ಲಿಯಲ್ಲಿ.

ಅದಕ್ಕೆ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಲ್ಲಿ ಬಂತಾ ಅನ್ನೋದರ ಜೊತೆ ಟೆಸ್ಟ್ ಆಯ್ತಾ ಅಂತಲೂ ಕೇಳಿ. ಜಲಜೀವನ್ ನಿಯಮದಲ್ಲಿ ರಾಸಾಯನಿಕ ಪರೀಕ್ಷೆ ವರ್ಷಕ್ಕೆ ಒಂದು ಸಲ, ಕ್ರಿಮಿ ಪರೀಕ್ಷೆ ಎರಡು ಸಲ ಅಂತಿದೆ, ಊರಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ನೀರು ಟೆಸ್ಟ್ ಮಾಡೋ ಕಿಟ್ಟಿನ ಟ್ರೈನಿಂಗ್ ಕೊಡಬೇಕು. ಕಿಟ್ಟು ಕಷ್ಟ ಏನಿಲ್ಲ, ಫ್ಲೋರೈಡ್ ಪತ್ತೆ ಮಾಡೋ ದ್ರಾವಣವನ್ನ ನೀರಿಗೆ ಹಾಕಿದಾಗ ಗುಲಾಬಿ ಬಣ್ಣ ಉಳಿದ್ರೆ ಫ್ಲೋರೈಡ್ ಕಮ್ಮಿ, ಹಳದಿಗೆ ತಿರುಗಿದಷ್ಟೂ ಜಾಸ್ತಿ, ಕ್ರಿಮಿಯ ಶೀಶೆಯಲ್ಲಿ ನೀರು ಒಂದೆರಡು ದಿನದಲ್ಲಿ ಕಪ್ಪಾದ್ರೆ ಆ ನೀರು ಕುಡಿಯೋ ಹಾಗಿಲ್ಲ. ಟೆಸ್ಟಿಗೆ ನೀರು ತಗೊಳೋದು ಕ್ಯಾನಿಂದ ಅಲ್ಲ, ಬಿಸಿಯೂಟಕ್ಕೆ ನೀರು ಹಿಡಿಯೋ ನಲ್ಲಿಯಿಂದ, ಅದೂ ಮಳೆಗಾಲದಲ್ಲಿ ಒಂದು ಸಲ, ಏಪ್ರಿಲಲ್ಲಿ ಒಂದು ಸಲ. ಬಂದ ಅಂಕಿನ ಅಡುಗೆಮನೆ ಬಾಗಿಲ ಮೇಲೆ ಚಾಕ್‌ಪೀಸಲ್ಲಿ ತಾರೀಖಿನ ಜೊತೆ ಬರೆದಿಡಿ, ಫ್ಲೋರೈಡ್ 1.5 ದಾಟಿದ್ರೆ ಅದರ ಫೋಟೋ ತಗೊಂಡು ಅರ್ಜಿ ಜೊತೆ ಪಂಚಾಯ್ತಿ ಪಿಡಿಓ ಕೈಗೆ ಕೊಡಿ, ಅಡುಗೆಗೂ ಆರ್‌ಓ ನೀರಿನ ವ್ಯವಸ್ಥೆ ಮಾಡಿ ಅಂತ.