ಕಮ್ಯುನಿಟಿ ಕಾಲೇಜಿನಿಂದ ಐಟಿ ಪದವಿಗೆ: ಎರಡನೆಯ ವರ್ಷದ ಅಕ್ಟೋಬರ್‌ನಿಂದ ಹಿಂದಕ್ಕೆ ಎಣಿಸಿ

ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದು ಬಹಳ ಜನ ನಡೆದಿರುವ ದಾರಿ. ರಾಜ್ಯದ ನಿವಾಸಿಗಳಿಗೆ ಯೂನಿಟ್ (ಕೋರ್ಸಿನ ಗಾತ್ರದ ಅಳತೆ) ಒಂದಕ್ಕೆ 46 ಡಾಲರ್ ಶುಲ್ಕ. ಕ್ವಾರ್ಟರ್ ಪದ್ಧತಿಯ, ಅಂದರೆ ವರ್ಷವನ್ನು ಸುಮಾರು ಮೂರು ತಿಂಗಳ ಅವಧಿಗಳಾಗಿ ಹಂಚುವ, ಕಾಲೇಜಿನಲ್ಲಿ 31. ಕ್ಯುಪರ್ಟಿನೊ, ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳೂ, ಅಮೆರಿಕದಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಬಂದು ಓದು ಮುಂದುವರಿಸಬೇಕೆಂದಿರುವವರೂ ಈ ದಾರಿಯ ಬಗ್ಗೆ ಕೇಳುತ್ತಿರುತ್ತಾರೆ. ಅವರೆಲ್ಲರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಎರಡು ವರ್ಷ ಇದೆ ಎಂದುಕೊಳ್ಳಬೇಡಿ, ನಿಮಗಿರುವುದು ಒಂದು ವರ್ಷ.

ಏಕೆಂದರೆ ಮುಂದಿನ ಆಗಸ್ಟ್-ಸೆಪ್ಟೆಂಬರ್‌ನ ಪ್ರವೇಶಕ್ಕೆ ಅರ್ಜಿಯನ್ನು ಈ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿಯೇ ಸಲ್ಲಿಸಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಇರಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಸಿಎಸ್‌ಯು) ಇರಲಿ, ಅರ್ಜಿ ತುಂಬುವಾಗ ನಿಮ್ಮ ಕೈಯಲ್ಲಿರುವುದು ಮೊದಲ ವರ್ಷದ ಗ್ರೇಡ್‌ಗಳು ಮಾತ್ರ. ಎರಡನೆಯ ವರ್ಷದ ಕೋರ್ಸುಗಳು ‘ಓದುತ್ತಿದ್ದೇನೆ’, ‘ಓದಲಿದ್ದೇನೆ’ ಎಂಬ ಪಟ್ಟಿಯಲ್ಲಿ ಹೋಗುತ್ತವೆ. ಆದರೂ ಹೆಚ್ಚಿನವರು ಮೊದಲ ವರ್ಷವನ್ನು ಮನಃಶಾಸ್ತ್ರ, ಕಲಾ ಇತಿಹಾಸಗಳಲ್ಲಿ ಕಳೆದು, ಗಣಿತವನ್ನೂ ಪ್ರೋಗ್ರಾಮಿಂಗನ್ನೂ ಮುಂದಕ್ಕೆ ತಳ್ಳುತ್ತಾರೆ. ಐಟಿಗೆ ಹೋಗುವವರಿಗೆ ಇದು ತಲೆಕೆಳಗಾದ ಕ್ರಮ.

ಸರಪಳಿಯಾಗಿ ಬರುವ ಕೋರ್ಸುಗಳು

ಸಾಮಾನ್ಯ ಶಿಕ್ಷಣದ, ಅಂದರೆ ಯಾವ ಪದವಿಯವರಾದರೂ ಓದಬೇಕಾದ, ಕೋರ್ಸುಗಳನ್ನು ಹೆಚ್ಚೂಕಡಿಮೆ ಯಾವ ಕ್ರಮದಲ್ಲಿ ಬೇಕಾದರೂ ಓದಬಹುದು. ಪ್ರೋಗ್ರಾಮಿಂಗ್ ಹಾಗಲ್ಲ, ಒಂದು ಮುಗಿಯದೆ ಇನ್ನೊಂದಕ್ಕೆ ಬಾಗಿಲು ತೆರೆಯುವುದಿಲ್ಲ. ಕ್ಯುಪರ್ಟಿನೊದ ಡಿ ಆಂಜಾ ಕಾಲೇಜಿನಲ್ಲಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಸಾಲನ್ನೇ ನೋಡಿ: ಸಿಐಎಸ್ 22ಎ, ಅದು ಮುಗಿದ ಮೇಲೆ 22ಬಿ, ಆಮೇಲೆ ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಪ್ರೋಗ್ರಾಮಿನಲ್ಲಿ ಜೋಡಿಸಿಡುವ ವಿಧಾನಗಳು) ಕಲಿಸುವ 22ಸಿ. ಮೂರು ಕೋರ್ಸಿಗೆ ಮೂರು ಕ್ವಾರ್ಟರ್. ಸೆಪ್ಟೆಂಬರ್‌ನಲ್ಲಿ ಆರಂಭಿಸಿದರೆ ಜೂನ್ ಹೊತ್ತಿಗೆ ಮೂರೂ ಮುಗಿದು, ಅರ್ಜಿಯಲ್ಲಿ ಮೂರು ಗ್ರೇಡ್ ಕಾಣುತ್ತವೆ. ‘ಮೊದಲು ಕಾಲೇಜಿಗೆ ಹೊಂದಿಕೊಳ್ಳೋಣ’ ಎಂದು ವಸಂತದ ಕ್ವಾರ್ಟರ್‌ವರೆಗೆ ಕಾದರೆ, ಬೇಸಿಗೆಯಲ್ಲಿ ಓದದ ಪಕ್ಷದಲ್ಲಿ, ಅರ್ಜಿ ಹಾಕುವಾಗ ತೋರಿಸಲು ಒಂದೇ ಗ್ರೇಡ್ ಇರುತ್ತದೆ. ಕ್ಯಾಲ್ಕ್ಯುಲಸ್ ಬೇಕಾದ ಪದವಿಯಾದರೆ ಅದಕ್ಕೂ ಇದೇ ಲೆಕ್ಕ.

ಹಾಗಾಗಿ ಹಾಳೆಯ ಬಲತುದಿಯಲ್ಲಿ ಅರ್ಜಿಯ ತಿಂಗಳು ಬರೆದುಕೊಳ್ಳಿ. ಅಲ್ಲಿಂದ ಎಡಕ್ಕೆ ಬರುತ್ತ ಮೊದಲು ಸರಪಳಿಯ ಕೋರ್ಸುಗಳನ್ನು ತುಂಬಿ. ಉಳಿದ ಖಾಲಿ ಜಾಗಕ್ಕೆ ಸಾಮಾನ್ಯ ಶಿಕ್ಷಣ.

ಯಾವ ‘ಐಟಿ’?

ಇದನ್ನು ನಿರ್ಧರಿಸದೆ ಸರಪಳಿ ಯಾವುದೆಂದು ತಿಳಿಯುವುದಿಲ್ಲ. ಸಿಎಸ್‌ಯು ಚಾನೆಲ್ ಐಲ್ಯಾಂಡ್ಸ್‌ನಲ್ಲಿ ಇನ್ಫರ್ಮೇಷನ್ ಟೆಕ್ನಾಲಜಿ ಎಂಬ ಹೆಸರಿನಲ್ಲಿಯೇ ಪದವಿ ಇದೆ. ಯುಸಿ ಅರ್ವೈನ್‌ನಲ್ಲಿ ಇದಕ್ಕೆ ಹತ್ತಿರವಾದದ್ದು ಇನ್ಫರ್ಮ್ಯಾಟಿಕ್ಸ್. ಸ್ಯಾನ್ ಹೋಸೆ ಸ್ಟೇಟ್‌ನ ಎಂಐಎಸ್ (ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ಸ್) ವ್ಯವಹಾರ ಆಡಳಿತದ ಅಡಿಯಲ್ಲಿ ಬರುತ್ತದೆ. ವ್ಯವಹಾರದ ಪದವಿಗೆ ಸಾಮಾನ್ಯವಾಗಿ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ಪೂರ್ವಸಿದ್ಧತೆ ಬೇಕು. ಕಂಪ್ಯೂಟರ್ ಸೈನ್ಸ್‌ಗೆ ಕ್ಯಾಲ್ಕ್ಯುಲಸ್ ಮತ್ತು ಡೇಟಾ ಸ್ಟ್ರಕ್ಚರ್ಸ್ ಬೇಕು. ಎರಡನ್ನೂ ಒಂದೇ ವರ್ಷದಲ್ಲಿ ಸಿದ್ಧಪಡಿಸಿಕೊಳ್ಳುವುದು ಕಷ್ಟ. ಕೋಡ್ ಬರೆಯುವುದೇ ಇಷ್ಟವೋ, ಸಂಸ್ಥೆಯೊಂದರ ವ್ಯವಸ್ಥೆಗಳನ್ನು ನಡೆಸುವುದು ಇಷ್ಟವೋ ಎಂದು ಮೊದಲ ತಿಂಗಳಲ್ಲಿಯೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಅಸಿಸ್ಟ್ ಪುಟವನ್ನು ಓದುವ ಬಗೆ

ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ವಿಶ್ವವಿದ್ಯಾಲಯದ ಯಾವುದಕ್ಕೆ ಸಮ ಎಂದು ತಿಳಿಸುವ ರಾಜ್ಯದ ಅಧಿಕೃತ ಜಾಲತಾಣ ಅಸಿಸ್ಟ್. ಅದರಲ್ಲಿ ವರ್ಷ, ನಿಮ್ಮ ಕಾಲೇಜು, ಸೇರಬೇಕೆಂದಿರುವ ವಿಶ್ವವಿದ್ಯಾಲಯ, ಪದವಿ ಇಷ್ಟನ್ನು ಆರಿಸಿದರೆ ಒಪ್ಪಂದದ ಪುಟ ತೆರೆಯುತ್ತದೆ. ಎಡಗಡೆ ವಿಶ್ವವಿದ್ಯಾಲಯದ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸು. ಕಣ್ಣು ತಪ್ಪುವುದು ಸಣ್ಣ ಅಕ್ಷರಗಳಲ್ಲಿ. ಬಲಗಡೆಯ ಎರಡು ಕೋರ್ಸುಗಳ ನಡುವೆ ‘ಆ್ಯಂಡ್’ ಇದ್ದರೆ ಎರಡನ್ನೂ ಮುಗಿಸಲೇಬೇಕು. ಒಂದನ್ನೇ ಓದಿದರೆ ಆ ವಿಷಯದ ಅಗತ್ಯ ಪೂರೈಸಿದಂತಾಗದು. ‘ಆರ್’ ಇದ್ದರೆ ಒಂದು ಸಾಕು. ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ ಎಂದಿದ್ದರೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದಿಲ್ಲ ಎಂದರ್ಥ. ಆಗ ಅಕ್ಕಪಕ್ಕದ ಕಾಲೇಜಿನ ಒಪ್ಪಂದವನ್ನೂ ತೆರೆದು ನೋಡಿ. ಆ ಒಂದು ಕೋರ್ಸನ್ನು ಅಲ್ಲಿ ಓದಬಹುದು.

ಆದರೆ ಸರಪಳಿಯ ನಡುವೆ ಕಾಲೇಜು ಬದಲಿಸಬೇಡಿ. ಡಿ ಆಂಜಾ, ಫುಟ್‌ಹಿಲ್‌ಗಳಲ್ಲಿ ಕ್ವಾರ್ಟರ್ ಪದ್ಧತಿ. ಓಲೋನಿ, ಮಿಷನ್ ಕಾಲೇಜುಗಳಲ್ಲಿ ಸೆಮಿಸ್ಟರ್. ಕ್ವಾರ್ಟರ್‌ನಲ್ಲಿ ಮೂರು ಭಾಗವಾಗಿ ಹಂಚಿದ ಪಾಠ ಸೆಮಿಸ್ಟರ್‌ನಲ್ಲಿ ಎರಡೇ ಭಾಗವಾಗಿರಬಹುದು. ಒಂದು ಭಾಗ ಇಲ್ಲಿ, ಇನ್ನೊಂದು ಅಲ್ಲಿ ಓದಿದರೆ ನಡುವಿನ ಅಧ್ಯಾಯಗಳು ಬಿಟ್ಟುಹೋಗುತ್ತವೆ, ಒಪ್ಪಂದದಲ್ಲಿಯೂ ಅದು ಪೂರ್ಣವೆನಿಸುವುದಿಲ್ಲ. ಯೂನಿಟ್ ಲೆಕ್ಕಕ್ಕೆ ಕ್ವಾರ್ಟರ್ ಸಂಖ್ಯೆಯನ್ನು ಮೂರರಿಂದ ಭಾಗಿಸಿ ಎರಡರಿಂದ ಗುಣಿಸಿ. ಮೇಲೆ ಹೇಳಿದ ಸಿ++ ಕೋರ್ಸುಗಳು ತಲಾ 4.5 ಯೂನಿಟ್, ಮೂರೂ ಸೇರಿ 13.5, ಅಂದರೆ ಸೆಮಿಸ್ಟರ್ ಲೆಕ್ಕದಲ್ಲಿ 9. ವರ್ಗಾವಣೆಗೆ ಬೇಕಾದ 60 ಸೆಮಿಸ್ಟರ್ ಯೂನಿಟ್ ಎಂದರೆ 90 ಕ್ವಾರ್ಟರ್ ಯೂನಿಟ್.

ಇಂಗ್ಲಿಷ್, ಸಂಖ್ಯಾಶಾಸ್ತ್ರದಂಥ ಕೆಲವು ಕೋರ್ಸುಗಳಿಗೆ ಈಗ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ಸಂಖ್ಯೆ ಬರುತ್ತಿದೆ. ಇಂಗ್ಲಿಷ್ ಸಿ1000, ಸ್ಟ್ಯಾಟ್ ಸಿ1000 ಎಂದು ಕಂಡರೆ ಗಾಬರಿ ಬೇಡ.

ಸಾಮಾನ್ಯ ಶಿಕ್ಷಣ

2025ರ ಶರತ್ಕಾಲದಿಂದ ಹೊಸದಾಗಿ ಸೇರಿದವರಿಗೆ ಯುಸಿ, ಸಿಎಸ್‌ಯು ಎರಡಕ್ಕೂ ಕ್ಯಾಲ್-ಗೆಟ್‌ಸಿ ಎಂಬ ಒಂದೇ ಮಾದರಿ: 11 ಕೋರ್ಸು, ಕನಿಷ್ಠ 34 ಸೆಮಿಸ್ಟರ್ ಯೂನಿಟ್. ಇದರಲ್ಲಿ ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ, ಗಣಿತ ಈ ನಾಲ್ಕನ್ನು ಸಿಎಸ್‌ಯು ಕಡ್ಡಾಯವಾಗಿ ನೋಡುತ್ತದೆ; ಪ್ರವೇಶಕ್ಕೆ ಮುಂಚಿನ ವಸಂತದೊಳಗೆ ನಾಲ್ಕರಲ್ಲೂ ಸಿ ಮೈನಸ್ ಅಥವಾ ಹೆಚ್ಚಿನ ಗ್ರೇಡ್ ಇರಬೇಕು. ಭಾಷಣದ ಕೋರ್ಸಿಗೆ ಹೆದರಿ ಕೊನೆಗೆ ಉಳಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಉಚ್ಚಾರಣೆಯ ಅಳುಕು ಬೇಡ. ಅಲ್ಲಿ ನೋಡುವುದು ವಿಷಯವನ್ನು ಜೋಡಿಸಿ ಹೇಳುವ ಬಗೆಯನ್ನು.

ಭರವಸೆಗಳ ವಿಷಯದಲ್ಲಿಯೂ ಸ್ಪಷ್ಟವಾಗಿರಿ. ಕಮ್ಯುನಿಟಿ ಕಾಲೇಜಿನಲ್ಲಿ ವರ್ಗಾವಣೆಗೆಂದೇ ಇರುವ ಎರಡು ವರ್ಷದ ಎಡಿಟಿ ಪದವಿ ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಎಲ್ಲಾದರೊಂದು ಕಡೆ ಸ್ಥಾನ ಖಚಿತ, ನೀವು ಬಯಸಿದ ಕ್ಯಾಂಪಸ್‌ನಲ್ಲಿಯೇ ಎಂದಲ್ಲ. ಸ್ಯಾನ್ ಹೋಸೆಯ ಕಂಪ್ಯೂಟರ್ ಸೈನ್ಸ್‌ನಂಥ ನೂಕುನುಗ್ಗಲಿನ ವಿಭಾಗಕ್ಕೆ ಕನಿಷ್ಠ ಅರ್ಹತೆಯ 2.0 ಗ್ರೇಡ್ ಸರಾಸರಿ (4.0ಕ್ಕೆ) ಯಾವ ಮೂಲೆಗೂ ಸಾಲದು. ಯುಸಿಯ ಖಚಿತ ಪ್ರವೇಶದ ಒಪ್ಪಂದ, ಅಂದರೆ ಟ್ಯಾಗ್, ಆರು ಕ್ಯಾಂಪಸ್‌ಗಳಿಗೆ ಮಾತ್ರ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೆಗೊ ಅದರಲ್ಲಿಲ್ಲ. ಅದರ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ. ಎಲ್ಲ ವಿಭಾಗಗಳಿಗೂ ಅದು ಅನ್ವಯಿಸುವುದಿಲ್ಲ.

ಕರ್ನಾಟಕದಲ್ಲಿ ಓದಿ ಬಂದವರಿಗೆ

ಬಿ.ಕಾಂ. ಅಥವಾ ಬಿ.ಎಸ್ಸಿ. ಮುಗಿಸಿದವರು ಮೊದಲೇ ವಿಚಾರಿಸಬೇಕು: ಯುಸಿ ಸಾಮಾನ್ಯವಾಗಿ ಎರಡನೆಯ ಪದವಿಗೆ ಸೇರಿಸಿಕೊಳ್ಳುವುದಿಲ್ಲ, ಸಿಎಸ್‌ಯು ಕ್ಯಾಂಪಸ್‌ಗಳಲ್ಲಿಯೂ ನಿರ್ಬಂಧಗಳಿವೆ. ಅಂಥವರು ಕಮ್ಯುನಿಟಿ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್, ಗಣಿತದ ಬುನಾದಿ ಕೋರ್ಸುಗಳನ್ನು ಮುಗಿಸಿ ನೇರವಾಗಿ ಸ್ನಾತಕೋತ್ತರಕ್ಕೆ ಯತ್ನಿಸುವುದೇ ಎಷ್ಟೋ ಸಲ ಸರಿಯಾದ ದಾರಿ. ಬಿ.ಇ. ಅರ್ಧಕ್ಕೆ ಬಿಟ್ಟು ಬಂದವರು ಆ ಅಂಕಪಟ್ಟಿಗಳನ್ನು ಮುಚ್ಚಿಡುವಂತಿಲ್ಲ. ಓದಿದ ಎಲ್ಲ ಕಾಲೇಜುಗಳನ್ನೂ ಅರ್ಜಿಯಲ್ಲಿ ಹೇಳಲೇಬೇಕು. ಅಸಿಸ್ಟ್ ಒಪ್ಪಂದಗಳಲ್ಲಿ ಹೊರದೇಶದ ಕೋರ್ಸುಗಳು ಬರುವುದಿಲ್ಲವಾದ್ದರಿಂದ, ಅವುಗಳಲ್ಲಿ ಯಾವುದಕ್ಕೆ ಮನ್ನಣೆ ಸಿಗುತ್ತದೆಂದು ಕೌನ್ಸೆಲರ್ ಬಳಿ ಬರವಣಿಗೆಯಲ್ಲಿ ಪಡೆಯಿರಿ. ಎಚ್-4 ವೀಸಾದವರು ನಿಯಮದಂತೆ ಒಂದು ವರ್ಷಕ್ಕೂ ಹೆಚ್ಚು ವಾಸವಿದ್ದ ದಾಖಲೆ ತೋರಿಸಿ ನಿವಾಸಿ ಶುಲ್ಕಕ್ಕೆ ಅರ್ಹರಾಗಬಹುದು. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಆ ಅವಕಾಶವಿಲ್ಲ.

ಅರ್ಜಿ ಹೋದ ಮೇಲೆ ಅದರಲ್ಲಿ ಬರೆದ ಕೋರ್ಸನ್ನು ಕೈಬಿಡಬೇಕಾಗಿ ಬಂದರೆ ವಿಶ್ವವಿದ್ಯಾಲಯಕ್ಕೆ ಕೂಡಲೇ ತಿಳಿಸಿ. ಯುಸಿ ಇದಕ್ಕಾಗಿಯೇ ಜನವರಿಯಲ್ಲಿ ಒಂದು ನಮೂನೆ ತೆರೆಯುತ್ತದೆ. ಶರತ್ಕಾಲದ ಗ್ರೇಡ್‌ಗಳನ್ನೂ ವಸಂತದ ಕೋರ್ಸುಗಳನ್ನೂ ಅದರಲ್ಲಿ ತುಂಬಲೇಬೇಕು.